ನಲವತ್ತೊಂದನೆಯ ಮೊಳೆ

ಇದನ್ನು ಬರೆಯಲು ನನಗೆ ಸಂಕೋಚವಿದೆ. ನನ್ನ ಲೇಖನಗಳನ್ನು ಓದಿದವರಿಗೆ ನಾನು ಎಂಥವಳು ಎಂಬುದು ಗೊತ್ತು. ಕಟ್ಟಡ ಕುಸಿದರೆ ನಕ್ಷೆಗೆ ಸಹಿ ಹಾಕಿದವರು ಯಾರು ಎಂದು ಕೇಳುವವಳು. ಯಾವುದೇ ವರದಿಯಲ್ಲಿ ‘ದುರದೃಷ್ಟ’ ಎಂಬ ಪದ ಕಂಡರೆ ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವವಳು. ಹರಕೆ, ಮುಡಿಪುಗಳ ಬಗ್ಗೆ ನನಗಿದ್ದದ್ದು ಬರೀ ಅಪನಂಬಿಕೆಯಲ್ಲ, ಸಿಟ್ಟು. ಮನುಷ್ಯರು ಕೊಡಬೇಕಾದ ಉತ್ತರವನ್ನು ದೇವರ ತಲೆಗೆ ಕಟ್ಟಿ, ಹೊಣೆಗಾರರನ್ನು ಹಿಂಬಾಗಿಲಿನಿಂದ ಸಾಗಹಾಕುವ ಉಪಾಯ ಅದು ಎಂದೇ ತಿಳಿದಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ತಿಳಿದಿದ್ದೇನೆ. ಆದರೂ ನಾಲ್ಕು ವರ್ಷಗಳ ಹಿಂದೆ, ಹಾಡುಹಗಲಿನಲ್ಲಿ, ಇಟಲಿಯ ಪುಟ್ಟ ಊರೊಂದರ ಚರ್ಚಿನಲ್ಲಿ ನಡೆದದ್ದನ್ನು ಇಂದಿನವರೆಗೂ ನಾನು ಯಾವ ಖಾನೆಗೂ ಸೇರಿಸಲಾರದೆ ಹೋಗಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾನು ಮೆಲ್ಬರ್ನಿನಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆಯನ್ನು ಓದುತ್ತಿದ್ದೆ. ಕ್ಲೇಟನ್ನಿನಲ್ಲಿ ಎರಡು ಕೋಣೆಯ ಮನೆ. ರೆಂಟ್ ಹಂಚಿಕೊಳ್ಳಲು ಜೊತೆಗಿದ್ದವಳು ಉಡುಪಿ ಕಡೆಯ ಅಕ್ಷತಾ. ನಾನು ಧಾರವಾಡದವಳು. ಅವಳು ತಾಯಿಯೊಡನೆ ತುಳುವಿನಲ್ಲಿ, ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಹಾಲು ಉಕ್ಕಿದಾಗ ಮಾತ್ರ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು. ಪ್ರಯೋಗಾಲಯದ ಸೂಕ್ಷ್ಮ ಕೆಲಸವನ್ನು ಕಲಿಯುತ್ತಿದ್ದ, ಎಡಗೈಯಲ್ಲೇ ಎಲ್ಲವನ್ನೂ ಮಾಡುತ್ತಿದ್ದ ಹುಡುಗಿ. ವಾರಾಂತ್ಯಗಳಲ್ಲಿ ಒಂದು ಬೇಕರಿ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದಳು. ಒಂದು ಶನಿವಾರ ಹಿಟ್ಟು ಲಟ್ಟಿಸುವ ಯಂತ್ರಕ್ಕೆ ಅವಳ ಎಡಗೈ ಸಿಕ್ಕಿತು. ಯಂತ್ರದ ಬಾಯಿಗೆ ಇರಬೇಕಾದ ಕಬ್ಬಿಣದ ಜಾಲರಿ ಇರಲಿಲ್ಲ. ಕೆಲಸ ಬೇಗ ಸಾಗಲೆಂದು ಯಾರೋ ಅದನ್ನು ಬಿಚ್ಚಿಸಿದ್ದರು. ಕಾರ್ಖಾನೆಯ ವರದಿಯಲ್ಲಿ ಮಾತ್ರ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದಿತ್ತು.

ತೋರುಬೆರಳು ಮತ್ತು ನಡುಬೆರಳು ಉಳಿಯುವುದು ಅನುಮಾನ ಎಂದರು ವೈದ್ಯರು. ಉಳಿದ ಬೆರಳುಗಳ ವಿಷಯದಲ್ಲಿ ಯಾರಿಗೂ ಆತಂಕವಿರಲಿಲ್ಲ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಜಾಲರಿಯನ್ನು ಬಿಚ್ಚಿಸಿದವರು ಯಾರು ಎಂದು ಕೇಳಿ ನಾನು ಕಾರ್ಖಾನೆಗೆ ಮೂರು ಪತ್ರ ಬರೆದೆ. ಅಕ್ಷತಾಳ ತಾಯಿ ಬೇರೆಯೇ ದಾರಿ ಹಿಡಿದರು. ಹೆಬ್ಬೆಟ್ಟಿನಷ್ಟು ಉದ್ದದ ಬೆಳ್ಳಿಯ ಕೈಯೊಂದನ್ನು ಮಾಡಿಸಿ, ಅದಕ್ಕೆ ಕೆಂಪು ದಾರ ಕಟ್ಟಿ, ಬರುವವರೊಬ್ಬರ ಕೈಯಲ್ಲಿ ಮೆಲ್ಬರ್ನಿಗೆ ಕಳಿಸಿದರು. ನೊಂದ ಕೈಗೆ ಅದನ್ನು ಮುಟ್ಟಿಸಿ ವಾಪಸು ಕಳಿಸಬೇಕು, ತಾವು ಊರಿನ ದೇವಿಗೆ ಒಪ್ಪಿಸುತ್ತೇವೆ ಎಂಬುದು ಅವರ ಮಾತು. ಬ್ಯಾಂಡೇಜಿನ ಮೇಲೆಯೇ ಮುಟ್ಟಿಸಿದ್ದಾಯಿತು. ಆ ಹೊತ್ತಿಗೆ ನಮ್ಮ ತರಗತಿಯ ಇಟಲಿ ಪ್ರವಾಸ ನಿಗದಿಯಾಗಿತ್ತು.

“ನೀನು ಸಿಡ್ನಿ ಮೇಲೆ ಹೋಗುವುದಲ್ವಾ?” ಎಂದಳು ಅಕ್ಷತಾ. “ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಭಾಸ್ಕರ ಅಂಕಲ್ ಇದ್ದಾರೆ. ಬರುವ ವಾರ ಊರಿಗೆ ಹೋಗ್ತಾರೆ. ಅವರ ಕೈಗೆ ಕೊಟ್ಟುಬಿಡು ಮಾರಾಯ್ತಿ. ಅಮ್ಮನಿಗೆ ಅಷ್ಟೇ ಸಮಾಧಾನ.”

“ದೇವಿಗೆ ಬೆಳ್ಳಿ ಕೊಡೋದು ಬಿಟ್ಟು, ಜಾಲರಿ ತೆಗಿಸಿದ ಆ ಮ್ಯಾನೇಜರ್ ಯಾರಂತ ನೆಟ್ಟಗ ಹೇಳು ನನಗ,” ಎಂದೆ.

“ನೀನು ಪತ್ರ ಬರಿ, ನಾನು ಬೇಡ ಅಂದೆನಾ? ಕೈ ನಂದು. ಎರಡೂ ಕಡೆ ಒಂದೊಂದು ಅರ್ಜಿ ಇರಲಿ.”

ನಗುತ್ತಲೇ ಹೇಳಿದಳು. ಆದರೆ ಆ ನಗುವಿನ ಹಿಂದೆ ಇದ್ದ ಹೆದರಿಕೆ ನನಗೆ ಕಾಣದೆ ಇರಲಿಲ್ಲ. ಖಂಡಿತ ತಲುಪಿಸುತ್ತೇನೆ ಎಂದು ಮಾತು ಕೊಟ್ಟೆ.

ಸಿಡ್ನಿಯಲ್ಲಿ ನಾನು ಇಳಿದುಕೊಂಡದ್ದು ಗಿರಾವೀನ್‌ನಲ್ಲಿರುವ ನನ್ನ ದೊಡ್ಡಪ್ಪನ ಮಗಳು ವಿದ್ಯಾ ಅಕ್ಕನ ಮನೆಯಲ್ಲಿ. ಮಧ್ಯಾಹ್ನ ಕ್ವೇಕರ್ಸ್ ಹಿಲ್‌ಗೆ ಹೊರಟು ನಿಂತರೆ ಅವಳು ಬಾಗಿಲಿಗೇ ಅಡ್ಡ ಬಂದಳು. “ಈಗೆಲ್ಲಿ ಹೊಂಟಿ? ವೀಕೆಂಡ್ ಟ್ರ್ಯಾಕ್‌ವರ್ಕ್ ಅದ, ಟ್ರೇನ್ ಇಲ್ಲ. ಬಸ್ಸಿನ್ಯಾಗ ಸುತ್ತಿ ಸುತ್ತಿ ಸಾಯ್ತಿ. ಬಿಸಿ ರೊಟ್ಟಿ ಬಡದೀನಿ, ಸುಮ್ನ ಕೂತು ಉಣ್ಣು.”

ನಾನು ಕೂತು ಉಂಡೆ. ಟ್ರೇನ್ ಇಲ್ಲದಿದ್ದರೆ ಬಸ್ಸು ಇತ್ತು. ಭಾಸ್ಕರ ಅಂಕಲ್‌ಗೆ ಒಂದು ಫೋನ್ ಮಾಡಿದ್ದರೆ ಅವರೇ ಬಂದು ಒಯ್ಯುತ್ತಿದ್ದರು. ನಾನು ಎರಡನ್ನೂ ಮಾಡಲಿಲ್ಲ. ಮರೆವೂ ಅಲ್ಲ, ಆಯಾಸವೂ ಅಲ್ಲ. ಆ ಬೆಳ್ಳಿಯ ಕೈಯನ್ನು ಸಾಗಿಸುವ ಕೆಲಸಕ್ಕೆ ನಾನು ಕೈಜೋಡಿಸಬಾರದು ಎಂಬ ಹಟವೇ ಒಳಗೆ ಗಟ್ಟಿಯಾಗಿ ಕುಳಿತಿತ್ತು. ಸಂಜೆ ಅಕ್ಷತಾ ಫೋನ್ ಮಾಡಿದಳು.

“ಕೊಟ್ಯಾ?”

“ಕೊಟ್ಟೆ.”

“ಅಂಕಲ್ ಏನಂದ್ರು?”

“ಕಾಫಿ ಕೊಟ್ಟರು,” ಎಂದೆ. ಸುಳ್ಳಿಗೆ ಕಾಫಿಯನ್ನು ಏಕೆ ಸೇರಿಸಿದೆನೋ ತಿಳಿಯದು.

ಹೀಗೆ ಅರಿಶಿನ ಬಟ್ಟೆಯಲ್ಲಿ ಸುತ್ತಿದ ಆ ಕೈ ನನ್ನ ಚೀಲದಲ್ಲೇ ಇಟಲಿಗೆ ಬಂದಿತು. ಸಿಯೆನಾದ ಚೌಕವನ್ನು ನೋಡಿದೆವು. ಇಟ್ಟಿಗೆಯಲ್ಲಿ ಕಟ್ಟಿದ ದೊಡ್ಡ ಮೊರದಂತೆ ಅದು ಒಂದು ಅಂಚಿನತ್ತ ಇಳಿಜಾರಾಗಿದೆ; ಜನ ಅಲ್ಲಿ ಕಾಳಿನ ಹಾಗೆ ಹರಡಿ ಕುಳಿತಿರುತ್ತಾರೆ. ಉರ್ಬಿನೊದ ಅರಮನೆಯಲ್ಲಿ ದೊರೆಯ ಓದುಕೋಣೆಗೆ ಹೋದೆವು. ಗೋಡೆಯ ಕಪಾಟುಗಳ ಬಾಗಿಲು ಅರ್ಧ ತೆರೆದಿದ್ದವು, ಒಳಗೆ ಪುಸ್ತಕಗಳು, ವಾದ್ಯಗಳು. ನಾನು ಒಂದನ್ನು ಮುಚ್ಚಲು ಕೈ ಚಾಚಿಯೇಬಿಟ್ಟಿದ್ದೆ. ಅಲ್ಲಿ ಕಪಾಟೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಬಣ್ಣಬಣ್ಣದ ಮರದ ಚೂರುಗಳನ್ನು ಕೂಡಿಸಿ ಮಾಡಿದ ಚಪ್ಪಟೆ ಗೋಡೆ! ನಮ್ಮ ಪ್ರಾಧ್ಯಾಪಕರು ನಕ್ಕು, ಪ್ರವಾಸದ ಉದ್ದಕ್ಕೂ ಹೇಳುತ್ತಿದ್ದ ಮಾತನ್ನೇ ಮತ್ತೆ ಹೇಳಿದರು: ಕಂಡದ್ದನ್ನು ಬರೆಯಿರಿ, ಗೊತ್ತಿರುವುದನ್ನು ಬರೆಯಬೇಡಿ.

ನಮ್ಮ ಕೆಲಸದ ಕ್ರಮ ಕಟ್ಟುನಿಟ್ಟಾಗಿತ್ತು. ಪ್ರತಿಯೊಬ್ಬರಿಗೂ ಒಂದು ಗೋಡೆ. ಗೋಡೆಯ ಮೇಲಿರುವ ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಅಳತೆ, ಪೆನ್ಸಿಲಿನ ಚಿತ್ರ. ಸಂಜೆ ಪ್ರಾಧ್ಯಾಪಕರು ಹಾಳೆಗೆ ತಾರೀಕು ಹಾಕಿ ಸಹಿ ಮಾಡಿದ ಮೇಲೆ ಅದರಲ್ಲಿ ಒಂದು ಗೆರೆಯನ್ನೂ ತಿದ್ದುವಂತಿಲ್ಲ. ಈ ಕ್ರಮ ನನಗೆ ಬಹಳ ಇಷ್ಟವಾಗಿತ್ತು. ಲೋಕದ ಎಲ್ಲ ಕಚೇರಿಗಳೂ ಹೀಗೇ ನಡೆಯಬೇಕು ಎಂದು ವಾದಿಸುತ್ತಿದ್ದೆ.

ಉರ್ಬಿನೊದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಪುಟ್ಟ ಊರಿನಲ್ಲಿ ನನ್ನ ಪಾಲಿಗೆ ಬಂದದ್ದು ಚರ್ಚಿನೊಳಗೇ ಒಂದು ಪಕ್ಕಕ್ಕಿದ್ದ, ಸಂತನೊಬ್ಬನ ಸಣ್ಣ ಗುಡಿ. ಒಳಗೆ ಹೋದವಳು ದಂಗಾಗಿ ನಿಂತೆ. ಗೋಡೆಯ ತುಂಬ ಬೆಳ್ಳಿಯ, ತಗಡಿನ ಅಂಗಗಳು: ಕಣ್ಣು, ಕಾಲು, ಎದೆ, ಕೈ. ಗುಣವಾದವರು ಸಂತನಿಗೆ ಒಪ್ಪಿಸಿದ ಹರಕೆಗಳು. ಯಾವುದರಿಂದ ತಪ್ಪಿಸಿಕೊಂಡೆನೋ ಅದೇ ಎದುರಿಗೆ ಬಂದು ನಿಂತಿತ್ತು. ನಾನು ಮುಖ ಗಂಟು ಹಾಕಿಕೊಂಡೇ ಎಲ್ಲವನ್ನೂ ಒಂದೊಂದಾಗಿ ಬರೆದೆ. ಮೊಳೆ ಎಣಿಸಿದೆ, ಅಳತೆ ತೆಗೆದೆ. ಮಧ್ಯಾಹ್ನದ ಬಿಸಿಲು ಮೇಲಿನ ಕಿಟಕಿಯಿಂದ ನೇರ ಗೋಡೆಗೆ ಬೀಳುತ್ತಿತ್ತು. ನೆರಳು, ಮಬ್ಬು ಏನೂ ಇರಲಿಲ್ಲ.

ಸಂಜೆ ಚೌಕದ ಕಾರಂಜಿಯ ಕಟ್ಟೆಯ ಮೇಲೆ ಕುಳಿತು ಪ್ರಾಧ್ಯಾಪಕರು ಹಾಳೆಗಳಿಗೆ ಸಹಿ ಮಾಡಿದರು. ಇನ್ನೂ ಒಳ್ಳೆಯ ಬೆಳಕಿತ್ತು. ನನ್ನ ಗೋಡೆಯ ಫೋಟೊ ತೆಗೆದಿದ್ದವಳು ಸಹಪಾಠಿ ಡ್ಯಾನಿಯೆಲಾ. ಅವಳ ಅಜ್ಜ ಇಟಲಿಯಿಂದ ಮೆಲ್ಬರ್ನಿಗೆ ಬಂದವರು, ಹಾಗಾಗಿ ಅವಳಿಗೆ ಭಾಷೆ ಬರುತ್ತಿತ್ತು. ಕ್ಯಾಮೆರಾದ ಪುಟ್ಟ ಪರದೆಯನ್ನೂ ನನ್ನ ಹಾಳೆಯನ್ನೂ ಹೋಲಿಸುತ್ತಿದ್ದವಳು ತಲೆಯೆತ್ತಿ ಕೇಳಿದಳು: “ನಲವತ್ತೊಂದು ಎಲ್ಲಿದೆ? ಇಲ್ಲಿ ಬರೀ ಮೊಳೆ ಇದೆಯಲ್ಲ!”

ನಾನು ನೋಡಿದೆ. ಹಾಳೆಯಲ್ಲಿ ನಲವತ್ತೊಂದನೆಯ ಮೊಳೆಗೆ ಒಂದು ಎಡಗೈ ತೂಗುತ್ತಿತ್ತು. ಮಣಿಕಟ್ಟಿನಲ್ಲಿ ದಾರದ ಗಂಟು. ಉಂಗುರದ ಬೆರಳು ಅಂಗೈಯತ್ತ ಬಾಗಿತ್ತು. ಫೋಟೊದಲ್ಲಿ ಆ ಜಾಗದಲ್ಲಿ ಖಾಲಿ ಮೊಳೆ. ನಾನು ಅದನ್ನು ಕಂಡೇ ಬರೆದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಳತೆಯನ್ನೂ ಬರೆದಿದ್ದೆ. ಅಳತೆ ಹಿಡಿಯಬೇಕಾದರೆ ಮುಟ್ಟಿರಲೇಬೇಕಲ್ಲವೇ?

ನಾನು ಚೀಲದಿಂದ ಅರಿಶಿನ ಬಟ್ಟೆಯನ್ನು ತೆಗೆದು ಬಿಚ್ಚಿದೆ. ಡ್ಯಾನಿಯೆಲಾ ಅಳತೆಪಟ್ಟಿ ಹಿಡಿದು ಅಳೆದಳು. ಅದೇ ಉದ್ದ, ಅದೇ ಅಗಲ, ಅದೇ ಗಂಟು. ಒಂದೇ ವ್ಯತ್ಯಾಸವೆಂದರೆ ಬೆಳ್ಳಿಯ ಕೈಯ ಐದೂ ಬೆರಳು ಕಡ್ಡಿಯಂತೆ ನೆಟ್ಟಗಿದ್ದವು.

ವಿಷಯವೆಲ್ಲ ಕೇಳಿದ ಪ್ರಾಧ್ಯಾಪಕರು ಗದರಲಿಲ್ಲ. “ನೀನು ಕಂಡದ್ದನ್ನಲ್ಲ, ಗೊತ್ತಿದ್ದದ್ದನ್ನು ಬರೆದಿದ್ದೀಯ. ಕೊಟ್ಟ ಮಾತು ತಪ್ಪಿದ ಮನಸ್ಸು ಪೆನ್ಸಿಲ್ ಹಿಡಿದಿತ್ತು, ಅಷ್ಟೇ,” ಎಂದರು. ಒಪ್ಪಬಹುದಾದ ಮಾತು, ಆ ಕ್ಷಣಕ್ಕೆ ಒಪ್ಪಿದೆ ಕೂಡ. ಆದರೆ ನನಗೆ ಗೊತ್ತಿದ್ದ ಕೈಯಲ್ಲಿ ಯಾವ ಬೆರಳೂ ಬಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಡ್ಯಾನಿಯೆಲಾಳೊಡನೆ ಗುಡಿಗೆ ಹೋದೆ. ಮೊಳೆಗೆ ತುಕ್ಕು ಹಿಡಿದಿತ್ತು, ಅದರಿಂದ ಪಕ್ಕದ ಕಾಲಿನವರೆಗೆ ಜೇಡ ಬಲೆ ನೇಯ್ದಿತ್ತು. ಚರ್ಚಿನ ಉಸ್ತುವಾರಿ ನೋಡುವ ಮುದುಕಿ ಕಸಬರಿಗೆ ಹಿಡಿದೇ ಬಂದಳು. ಡ್ಯಾನಿಯೆಲಾ ಕೇಳಿ ಹೇಳಿದಳು: ಮುದುಕಿ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆ ಮೊಳೆ ಖಾಲಿಯೇ ಇದೆಯಂತೆ. ನನ್ನ ಅಂಗೈಯಲ್ಲಿದ್ದ ಬೆಳ್ಳಿಯನ್ನು ಕಂಡು ಮುದುಕಿ ಮತ್ತೇನೋ ಕೇಳಿದಳು.

“ಕೈ ಯಾರದು, ಗುಣವಾಯಿತಾ ಅಂತ ಕೇಳುತ್ತಿದ್ದಾಳೆ,” ಎಂದಳು ಡ್ಯಾನಿಯೆಲಾ.

“ಗೆಳತಿಯದು. ಇನ್ನೂ ಇಲ್ಲ.”

ಮುದುಕಿ ಸಂತನ ಮೂರ್ತಿಯತ್ತ ಕಸಬರಿಗೆಯನ್ನೇ ಚಾಚಿ ನುಡಿದದ್ದನ್ನು ಡ್ಯಾನಿಯೆಲಾ ನಗು ತಡೆದುಕೊಂಡು ತಿಳಿಸಿದಳು: “ಇಲ್ಲಿ ಗುಣವಾದ ಮೇಲೆ ತರುವುದು ವಾಡಿಕೆ. ಮೊದಲೇ ತಂದಿದ್ದೀಯ ಅಂದರೆ, ಇನ್ನು ಜವಾಬು ಕೊಡಬೇಕಾದವನು ಅವನು, ಅನ್ನುತ್ತಾಳೆ.”

ಜವಾಬು! ಮೂರು ಪತ್ರ ಬರೆದರೂ ಮೆಲ್ಬರ್ನಿನಲ್ಲಿ ಒಬ್ಬನೂ ಬಾಯಿಗೆ ತಾರದ ಪದವನ್ನು ಇಲ್ಲಿ ಕಸ ಗುಡಿಸುವ ಹೆಂಗಸು ದೇವರಿಗೇ ಅನ್ವಯಿಸಿದ್ದಳು. ನಾನು ಬಲೆಯನ್ನು ಸರಿಸಿ, ಕೆಂಪು ದಾರವನ್ನು ನಲವತ್ತೊಂದನೆಯ ಮೊಳೆಗೆ ಸಿಕ್ಕಿಸಿದೆ. ಅಕ್ಷತಾಳಿಗೆ ಹೇಳಿದ ಸುಳ್ಳು ಅಷ್ಟರಮಟ್ಟಿಗಾದರೂ ನಿಜವಾಗಲಿ ಎನಿಸಿರಬೇಕು. ಹಾಳೆಯ ಅಂಚಿನಲ್ಲಿ ಪ್ರಾಧ್ಯಾಪಕರು ‘೪೧: ಪರಿಶೀಲನೆಯ ವೇಳೆ ಕಂಡುಬಂದಿಲ್ಲ’ ಎಂದು ಬರೆದರು. ಚಿತ್ರವನ್ನು ಮಾತ್ರ ಕ್ರಮದಂತೆ ಹಾಗೆಯೇ ಬಿಟ್ಟರು.

ಮೂರು ವಾರದ ನಂತರ ಕ್ಲೇಟನ್ನಿನ ಮನೆಯ ಬಾಗಿಲನ್ನು ಅಕ್ಷತಾ ಎಡಗೈಯಲ್ಲೇ ತೆರೆದಳು. ಬ್ಯಾಂಡೇಜ್ ಹೋಗಿತ್ತು. ತೋರುಬೆರಳು, ನಡುಬೆರಳು ಎರಡೂ ಗಾಯದ ಗೆರೆಗಳೊಡನೆ ಉಳಿದಿದ್ದವು, ಅಲುಗುತ್ತಿದ್ದವು. ವೈದ್ಯರಿಗೇ ಆಶ್ಚರ್ಯವಾಯಿತಂತೆ. ಉಂಗುರದ ಬೆರಳು ಮಾತ್ರ ಅಂಗೈಯತ್ತ ಬಾಗಿ ನಿಂತಿತ್ತು.

“ಎಲ್ಲ ಡ್ಯೂಟಿಗೆ ಬಂದಿವೆ. ಇದೊಂದು ಸ್ಟ್ರೈಕ್ ಮಾಡಿದೆ,” ಎಂದು ನಕ್ಕಳು. ಒಳಗಿನ ನಾರು ಬಿಗಿದುಕೊಂಡಿದೆ, ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ, ಇನ್ನು ಪೂರ್ತಿ ನೆಟ್ಟಗಾಗುವುದಿಲ್ಲ ಎಂದಿದ್ದರಂತೆ. ಆ ಕೈಯಲ್ಲಿ ಪ್ರಯೋಗಾಲಯದ ಸಣ್ಣ ನಳಿಕೆಗಳನ್ನು ಹಿಡಿಯುವುದನ್ನು ಅವಳು ಹೊಸದಾಗಿ ಕಲಿಯಬೇಕಿತ್ತು.

ನಾನು ನಿಂತ ನಿಲುವಿನಲ್ಲೇ ತಪ್ಪೊಪ್ಪಿಕೊಂಡೆ. ಭಾಸ್ಕರ ಅಂಕಲ್ ಮನೆಗೆ ಹೋಗಲಿಲ್ಲ, ಸುಳ್ಳು ಹೇಳಿದೆ ಎಂದೆ.

“ಗೊತ್ತು. ನಿನ್ನ ಸ್ನೇಹಿತೆ ಬರಲೇ ಇಲ್ಲ ಅಂತ ಅಂಕಲ್ ಅವತ್ತು ರಾತ್ರಿಯೇ ಫೋನ್ ಮಾಡಿದ್ರು. ಕಾಫಿ ಕೊಟ್ಟರು ಅಂದೆಯಲ್ಲ, ಆವಾಗಲೇ ಡೌಟ್ ಬಂತು ಮಾರಾಯ್ತಿ. ಅವರ ಮನೆಯಲ್ಲಿ ಟೀ ಬಿಟ್ಟರೆ ಬೇರೆ ಎಂಥದ್ದೂ ಮಾಡುವುದಿಲ್ಲ.”

“ಮತ್ತ ನನ್ನ ಯಾಕ ಕೇಳಲಿಲ್ಲ?”

“ನೀನೇ ಹೇಳ್ತೀಯಾ ನೋಡುವ ಅಂತ.”

ಉಳಿದದ್ದನ್ನೂ ಹೇಳಿ, ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಟ್ಟೆ. ಅಕ್ಷತಾ ನಲವತ್ತೊಂದನ್ನು ಹುಡುಕಿ, ಪಕ್ಕದಲ್ಲಿ ತನ್ನ ಎಡಗೈಯನ್ನು ಇಟ್ಟಳು. ಒಂದೇ ಬೆರಳು, ಒಂದೇ ಬಾಗು. ಪ್ರಾಧ್ಯಾಪಕರ ಸಹಿಯ ಕೆಳಗಿದ್ದ ತಾರೀಕು ಅವಳ ಬ್ಯಾಂಡೇಜ್ ಬಿಚ್ಚಿದ ದಿನಕ್ಕಿಂತ ಹನ್ನೆರಡು ದಿನ ಹಿಂದಿನದು. ಆ ತಾರೀಕನ್ನು ಅವಳು ಎರಡು ಸಲ ಓದಿದಳು.

“ಇಷ್ಟೆಲ್ಲ ಬರೆದಿದ್ದೀ,” ಎಂದಳು ಕೊನೆಗೆ. “ಇದೊಂದನ್ನು ಸ್ವಲ್ಪ ನೆಟ್ಟಗೆ ಬರೆಯಬಾರದಿತ್ತಾ?”

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಎಲ್ಲರಿಂದಲೂ ಜವಾಬು ಕೇಳುತ್ತ ಬಂದವಳನ್ನೇ ಈಗ ಅವಳು ಜವಾಬು ಕೇಳಿದ್ದಳು. ಅಕ್ಷತಾ ಎದ್ದು ತನ್ನ ಪೆಟ್ಟಿಗೆಯಿಂದ ರಬ್ಬರ್ ತಂದು ನನ್ನ ಮುಂದಿಟ್ಟಳು. “ಈಗಾದ್ರೂ ತಿದ್ದು, ನೋಡುವ.” ಸಹಿಯಾದ ಹಾಳೆಯನ್ನು ತಿದ್ದುವಂತಿಲ್ಲ ಎಂದೆ. ಅದು ನಿಜವಾದ ಕಾರಣವಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಕಾರ್ಖಾನೆ ನನ್ನ ನಾಲ್ಕನೆಯ ಪತ್ರಕ್ಕೆ ‘ವಿಷಯ ಮುಕ್ತಾಯವಾಗಿದೆ’ ಎಂದು ಒಂದು ಸಾಲು ಬರೆಯಿತು. ಜಾಲರಿ ಬಿಚ್ಚಿಸಿದವರ ಹೆಸರು ಇಂದಿಗೂ ಹೊರಬಂದಿಲ್ಲ. ನಾನು ಕೇಳುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದು ಮನುಷ್ಯರು ಮಾಡಿದ ತಪ್ಪು, ಮನುಷ್ಯರೇ ಉತ್ತರಿಸಬೇಕು. ಆ ಹಾಳೆ ನನ್ನ ಬಳಿಯೇ ಇದೆ, ರಬ್ಬರೂ ಅದರ ಜೊತೆಗೇ ಇದೆ. ಒಂದು ಗೆರೆಯನ್ನು ಅಳಿಸಿ ನೆಟ್ಟಗೆ ಎಳೆದರೆ ಲೋಕದಲ್ಲಿ ಏನೂ ಬದಲಾಗದು ಎಂಬುದು ನನ್ನ ಬುದ್ಧಿಗೆ ಚೆನ್ನಾಗಿ ಗೊತ್ತು. ಎಷ್ಟೋ ಸಲ ಹಾಳೆ ಬಿಡಿಸಿಕೊಂಡು ಕುಳಿತಿದ್ದೇನೆ. ಕೈ ಮಾತ್ರ ಏಳುವುದಿಲ್ಲ.