ಟವೆಲ್ಲಿನ ಕೆಳಗಿನ ಮಾತು

ಇವತ್ತು ಬೆಳಿಗ್ಗೆ ಬಳ್ಳಾರಿಯ ಹತ್ತಿ ಮಂಡಿಯಲ್ಲಿ ತೆಕ್ಕಲಕೋಟೆಯ ರೈತರೊಬ್ಬರು ನನ್ನ ಕೈಮೇಲೆ ಟವೆಲ್ಲು ಹಾಸಿದರು. ಅದರ ಬೆವರಿನ ವಾಸನೆ ಬಡಿದದ್ದೇ ತಡ, ಕೈ ತಾನಾಗಿ ಹಿಂದಕ್ಕೆ ಬಂತು. ನಮ್ಮ ವ್ಯಾಪಾರದ ರೀತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಾಲ್ಕು ಜನರೆದುರು ಬೆಲೆ ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆಯ ಕೆಳಗೆ ಎದುರಿನವರ ಬೆರಳು ಹಿಡಿಯುತ್ತೇವೆ. ಒಂದು ಬೆರಳೆಂದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ಅಲ್ಲಿ ಆದದ್ದನ್ನು ಮೂರನೆಯವರಿಗೆ ಹೇಳುವಂತಿಲ್ಲ. ಬರಿಗೈಯಲ್ಲಿ ಬಂದು ದಲಾಲಿಯಾದವನು ನಾನು. ಈ ಗುಟ್ಟೇ ನನ್ನ ಬಂಡವಾಳ.

ಬುದ್ಧಿಮಾತನ್ನು ಮಾತ್ರ ಬಿಟ್ಟಿಯಾಗಿ ಹಂಚುತ್ತಿದ್ದೆ. ಯುದ್ಧದ ಕಾಲದಲ್ಲಿ ಕುರುಗೋಡಿನ ಗೆಳೆಯ ಬಸಲಿಂಗ ದಂಡಿಗೆ ಸೇರಲು ಹೊರಟಾಗ, ಕಾಲ್ದಳಕ್ಕಿಂತ ವಿಮಾನ ಲೇಸು, ಕೂತು ಮಾಡುವ ಕೆಲಸ ಎಂದವನು ನಾನೇ. ಬಾಂಬು ಹಾಕುವ ವಿಮಾನದ ಹಿಂಬದಿಯಲ್ಲಿ ಬಂದೂಕು ಹಿಡಿದು ಕೂರುವ ಕೆಲಸ ಅವನಿಗೆ ಸಿಕ್ಕಿತು. ಮೇಲೆ ಎಲುಬು ಕೊರೆಯುವ ಚಳಿ, ಬಳ್ಳಾರಿಯ ಬಿಸಿಲು ಒಂದು ಚೀಲ ಕಳಿಸು ಎಂದು ಬರೆದಿದ್ದ.

ರಜೆ ಮುಗಿಸಿ ಹೊರಟ ದಿನ ಸ್ಟೇಷನ್ನಿನಲ್ಲಿ ಅವನ ತಾಯಿಯೂ, ಸಿರುಗುಪ್ಪದಿಂದ ತಂದ ಹೊಸ ಹೆಂಡತಿ ಪಾರ್ವತಿಯೂ ನೋಡುತ್ತಿದ್ದಂತೆ ನನ್ನ ಕೈಮೇಲೆ ಟವೆಲ್ಲು ಹಾಕಿದ.

"ಎಷ್ಟು ವರ್ಷಕ್ಕ ಮನಿಗೆ ಬರ್ಲಿ, ಹೇಳಲೇ ದಲಾಲಿ."

ಎರಡು ಬೆರಳು ಹಿಡಿದೆ. ಅವನು ಚೌಕಾಸಿ ಮಾಡಿ ಒಂದಕ್ಕೆ ಇಳಿಸಿದ. ಇಬ್ಬರೂ ನಕ್ಕೆವು.

ನಾಲ್ಕು ತಿಂಗಳಿಗೆ ತಂತಿ ಬಂತು. ವಿಮಾನ ಬರ್ಮಾದ ಕಾಡಿನ ಮೇಲೆ ಉರಿದು ಬಿದ್ದಿತ್ತು. ನಮ್ಮಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಕೂರಿಸಿ ಹೂಳುತ್ತಾರೆ. ಕೂರಿಸಲು ಏನಿತ್ತು? ಅವನ ಅಂಗಿಯನ್ನೇ ಹೂಳೋಣ ಎಂದರು ಹಿರಿಯರು. ಅದಾದರೆ ಪಾರ್ವತಿಗೆ ಉಡಿಕೆಯ ಮರುಮದುವೆ ಮಾಡಿ ಇನ್ನೊಬ್ಬನ ಮನೆ ಸೇರಿಸಬಹುದಿತ್ತು. ಮೋಕ ಊರಿನವನೊಬ್ಬ ಕೇಳಿಕೊಂಡೂ ಬಂದಿದ್ದ. ತಾಯಿ ಒಪ್ಪಲಿಲ್ಲ. ನನ್ನನ್ನು ಕರೆಸಿ, ಸೆರಗಿನಡಿಯಿಂದ ಕೈ ಚಾಚಿದಳು.

"ಅವತ್ತು ಎಷ್ಟಕ್ಕ ಮುಗೀತಪಾ? ಅಷ್ಟು ವರ್ಷ ಕಾಯ್ತೀನಿ. ಆಮ್ಯಾಲೆ ಮಣ್ಣು ಮಾಡ್ರಿ."

ಒಂದು ಎಂದರೆ ಉಳಿದದ್ದು ಎಂಟೇ ತಿಂಗಳು. ವ್ಯಾಪಾರದಲ್ಲಿ ಎಳೆ ಹತ್ತಿಯನ್ನೂ ಬಿಡದ ನನಗೆ ಅಂದು ಧಾರಾಳತನ ಬಂತು. ಪೂರ್ತಿ ಕೈ ಹಿಡಿದೆ.

ಐದು ವರ್ಷ ಆಕೆ ದಿನವೂ ಒಂದು ರೊಟ್ಟಿ ಹೆಚ್ಚು ಬಡಿದಳು. ಮೋಕದವನು ಬೇರೆ ಮದುವೆಯಾದ. ಪಾರ್ವತಿಯ ಕೈಯಲ್ಲಿ ಬಳೆಗಳಿದ್ದವು, ಆದರೆ ಅರಿಶಿನ ಕುಂಕುಮಕ್ಕೆ ಯಾರೂ ಕರೆಯಲಿಲ್ಲ. ಕುರುಗೋಡಿಗೆ ಹೋದಾಗಲೆಲ್ಲ ಇವತ್ತು ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬರುತ್ತಿದ್ದೆ.

ಐದು ತುಂಬಿದ ಮರುದಿನ ತಾಯಿ ತಾನೇ ಅಂಗಿ ಮಡಚಿ ಗುಂಡಿಯಲ್ಲಿಟ್ಟಳು. ಮಣ್ಣು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿದಳು.

"ನೀ ಐದು ಅಂದಿ. ನನ್ನ ಮಗ ಎಷ್ಟು ಅಂದಿದ್ದ?"

ಈ ಸಲ ಸೆರಗು ಅಡ್ಡವಿರಲಿಲ್ಲ. ಎಲ್ಲರೆದುರು ಒಂದು ಬೆರಳು ಎತ್ತಿದೆ. ಪಾರ್ವತಿ ತನ್ನ ಬಳೆಗಳನ್ನು ನೋಡಿಕೊಂಡಳು.

"ಮೊದ್ಲ ಹೇಳಿದ್ರ ಏನ್ ಹೋಗ್ತಿತ್ರಿ ಅಣ್ಣಾರ," ಎಂದಳು.

ಇವತ್ತು ಮಂಡಿಯಲ್ಲಿ ತೆಕ್ಕಲಕೋಟೆಯ ರೈತರು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದರು. ಅವರ ಟವೆಲ್ಲನ್ನು ಮಡಚಿ ಅವರ ಹೆಗಲಿಗೇ ಹಾಕಿ, ಇಡೀ ಮಂಡಿಗೆ ಕೇಳುವಂತೆ ಬೆಲೆ ಹೇಳಿದೆ. ಮುದುಕನಿಗೆ ಅರಳುಮರಳು ಎಂದು ಅಕ್ಕಪಕ್ಕದ ದಲಾಲಿಗಳು ನಕ್ಕರು. ನಕ್ಕವರಲ್ಲಿ ಕುರುಗೋಡಿನವರು ಯಾರೂ ಇರಲಿಲ್ಲ.