ಮಾವನ ಎಲೆಗೆ ತುಪ್ಪ

ನಾನು ಮದುವೆಯಾಗಿ ಉರ್ವದ ಮನೆಗೆ ಬಂದ ವರ್ಷವೇ ಮಾವನ ತೂಕ ಇಳಿಯತೊಡಗಿತು. ಇದಕ್ಕಿಂತ ಕೆಟ್ಟ ಸಮಯ ಅವರಿಗೆ ಸಿಗುತ್ತಿರಲಿಲ್ಲ. ಹೊಸ ಸೊಸೆ ಕಾಲಿಟ್ಟ ಮನೆಯಲ್ಲಿ ಹಾಲು ಒಡೆದರೂ ಎಲ್ಲರೂ ಅವಳ ಮುಖ ನೋಡುವ ಕಾಲ ಅದು, ಮೂವತ್ತರ ದಶಕ. ಇನ್ನು ಯಜಮಾನರ ಹೊಟ್ಟೆಯೇ ಕರಗಿದರೆ ಕೇಳಬೇಕೆ?

ಮಾವನ ತಂದೆಯ ತನಕ ದೇವಸ್ಥಾನದ ಪೂಜೆ ಮಾಡಿದ ಮನೆತನ. ಮಾವ ಮಾತ್ರ ಶಾಲೆಯಲ್ಲಿ ಸಂಸ್ಕೃತ ಪಂಡಿತರು. ಅವರ ಹೊಟ್ಟೆ ಅತ್ತೆಯ ಹೆಮ್ಮೆ. ಬಂದವರೆಲ್ಲರ ಹತ್ತಿರ, "ನಾನು ಈ ಮನೆಗೆ ಬರುವಾಗ ಇವರು ಹಂಚಿಕಡ್ಡಿಯ ಹಾಗೆ ಇದ್ದರು" ಎಂದು ಹೇಳಿಕೊಳ್ಳುತ್ತಿದ್ದರು. ಮಂಡಿನೋವಿನಿಂದಾಗಿ ಅಡುಗೆ, ಬಡಿಸುವ ಕೆಲಸ ಎರಡನ್ನೂ ನನಗೆ ಬಿಟ್ಟುಕೊಟ್ಟಿದ್ದರು. ಕಣ್ಣನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಮಾವ ಬಾವಿಕಟ್ಟೆಯ ಹತ್ತಿರ ಬಂದು, ಅತ್ತೆ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು ಮಾತು ತೆಗೆದರು.

"ಮಗಾ, ಶಾಲೆಯ ಗುಡ್ಡೆ ಹತ್ತುವಾಗ ಉಸಿರು ಕಟ್ತದೆ. ತೂಕ ಇಳಿಸದಿದ್ದರೆ ಎದೆಗೆ ಕಷ್ಟ ಅಂತ ಡಾಕ್ಟ್ರು ಹೇಳಿದ್ದಾರೆ. ತುಪ್ಪ ಕಡಿಮೆ ಮಾಡ್ಬೇಕಂತೆ. ನಿನ್ನ ಅತ್ತೆಗೆ ಹೇಳ್ಬೇಡ. ಊರಿನ ದೇವರಿಗೆಲ್ಲ ಹರಕೆ ಹೊತ್ತುಕೊಂಡು ಅಳ್ತಾ ಕೂತ್ಕೊಳ್ತಾಳೆ."

"ಬಡಿಸದಿದ್ರೆ ಅತ್ತೆಗೆ ಗೊತ್ತಾಗುದಿಲ್ವಾ ಮಾವ?"

"ಅಭಿಘಾರಕ್ಕೆ ಒಂದು ತೊಟ್ಟು ಹಾಕು. ಮತ್ತೆ ತುಪ್ಪದ ಮಿಳ್ಳೆ ಬಗ್ಗಿಸಿದ ಹಾಗೆ ಮಾಡಿದ್ರಾಯ್ತು."

ದೇವರನ್ನು ನೆನೆದು ಉಣ್ಣತೊಡಗುವ ಮೊದಲು ಅನ್ನದ ಮೇಲೆ ತುಪ್ಪ ಬೀಳಲೇಬೇಕು. ಅದನ್ನು ತಪ್ಪಿಸುವ ಧೈರ್ಯ ಮಾವನಿಗೂ ಇರಲಿಲ್ಲ. ಹಾಗೆ ದಿನವೂ ಒಂದು ತೊಟ್ಟು ಹಾಕಿ, ಆಮೇಲೆ ಧಾರಾಳವಾಗಿ ಸುರಿದವಳ ಹಾಗೆ ಮಿಳ್ಳೆ ಬಗ್ಗಿಸಿ ಎತ್ತುತ್ತಿದ್ದೆ. ನನ್ನ ಗಂಡ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು. ಎಲೆಯ ಮೇಲೆ ಕಲ್ಲು ಬಡಿಸಿದರೂ ಗಮನಿಸುವವರಲ್ಲ, ಅವರ ಮಾತು ಬಿಡಿ.

ಆದರೆ ಮಾವ ಇಳಿಯಲಿಲ್ಲ. ಅಂಗಿಯ ಗುಂಡಿ ಮೊದಲಿನ ಹಾಗೇ ಬಿಗಿಯಾಗಿತ್ತು. ಈಗ ಸಂಶಯಪಡುವ ಸರದಿ ನನ್ನದು. ಇಷ್ಟು ನಾಟಕ ಆಡಿದ್ದು ಯಾವ ಸುಖಕ್ಕೆ? ಒಗೆಯಲು ತೆಗೆದ ಅವರ ಶಾಲನ್ನು ಮೂಸಿ ನೋಡಿದೆ. ಕಾದ ತೆಂಗಿನೆಣ್ಣೆಯ ವಾಸನೆ.

"ಮಾವ, ಶಾಲಿನಲ್ಲಿ ಎಣ್ಣೆಪಸೆ ಉಂಟಲ್ಲ, ಎಂತದ್ದು?"

ಮಾವ ಸ್ವಲ್ಪವೂ ನಾಚಲಿಲ್ಲ. "ಶಾಲೆ ಬಿಟ್ಟ ಮೇಲೆ ಹೋಟೆಲಿನಲ್ಲಿ ನಾಲ್ಕು ಗೋಳಿಬಜೆ ತಿಂತೇನೆ. ಡಾಕ್ಟ್ರು ತುಪ್ಪ ಅಂದದ್ದು ಮಗಾ, ತೆಂಗಿನೆಣ್ಣೆ ಅನ್ಲಿಲ್ಲ."

ಶಾಸ್ತ್ರ ಓದಿದವರ ಹತ್ತಿರ ವಾದ ಮಾಡುವುದು ನನ್ನಿಂದಾಗದ ಕೆಲಸ. ಇನ್ನೊಮ್ಮೆ ಡಾಕ್ಟರನ್ನೇ ಕೇಳಿ ಬನ್ನಿ ಎಂದೆ. ಹೋಗಿ ಬಂದವರ ಮುಖ ಬಾಡಿತ್ತು. ಕ್ಯಾಲೊರಿ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಆ ಸಂಜೆ. ಅದು ತಿಂದ ಪದಾರ್ಥ ಕೊಡುವ ಶಾಖದ ಅಳತೆಯಂತೆ. ತುಪ್ಪ, ತೆಂಗಿನೆಣ್ಣೆ, ಅರೆದ ಕಾಯಿ ಎಲ್ಲ ಒಂದೇ ಜಾತಿಯ ಜಿಡ್ಡು, ಅನ್ನಕ್ಕಿಂತ ಜಿಡ್ಡಿಗೆ ಎರಡು ಪಾಲಿಗೂ ಹೆಚ್ಚು ಶಾಖವಂತೆ. ಹಾಗೆಂದು ತುಪ್ಪ ಬಿಟ್ಟ ಹಸಿವಿಗೆ ಮೂರನೆಯ ಸಲ ಅನ್ನ ಹಾಕಿಸಿಕೊಂಡರೆ ಲೆಕ್ಕ ಅಲ್ಲಿಗಲ್ಲಿಗೇ. ಜಿಡ್ಡನ್ನು ಪೂರ್ತಿ ಬಿಡುವುದೂ ಸಲ್ಲದಂತೆ, ದೇಹಕ್ಕೆ ಸ್ವಲ್ಪ ಬೇಕೇ ಬೇಕಂತೆ. ಮಾವ ಇದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿ, ದೊಡ್ಡ ಉಸಿರು ಬಿಟ್ಟು ಒಳಗೆ ಹೋದರು.

ಗೋಳಿಬಜೆ ನಿಂತಿತು. ನಾನು ಕೊದ್ದೆಲಿಗೆ ಅರೆಯುವ ಕಾಯಿಯನ್ನು ಅರ್ಧಕ್ಕೆ ಇಳಿಸಿದೆ. ಮಜ್ಜಿಗೆಯ ತಂಬುಳಿ, ತಿಳಿಸಾರು ಹೆಚ್ಚಾದವು. ಅನ್ನದ ಬದಲು ಬೇಯಿಸಿದ ತೊಂಡೆಕಾಯಿ, ಹರಿವೆ ಎಲೆಯಲ್ಲಿ ಜಾಗ ಹಿಡಿದವು. ತುಪ್ಪದ ತೊಟ್ಟನ್ನು ಒಂದು ಸಣ್ಣ ಚಮಚಕ್ಕೆ ಏರಿಸಿದೆ. ಬರಿಯ ತೊಟ್ಟಿನಲ್ಲಿ ಹಸಿವು ನಿಲ್ಲದೆ ಅವರು ಅನ್ನಕ್ಕೆ ಕೈ ಚಾಚುತ್ತಿದ್ದರು, ಒಂದು ಚಮಚ ಬಿದ್ದರೆ ಸುಮ್ಮನಿರುತ್ತಿದ್ದರು. ಮಾವ ನಿಧಾನವಾಗಿ ಇಳಿದರು. ಗುಡ್ಡೆ ಹತ್ತಿದರೂ ಮಾತಾಡಲು ಉಸಿರು ಉಳಿಯುತ್ತದೆ ಎಂದು ಗುಟ್ಟಿನಲ್ಲಿ ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಖುಷಿ ಬಹಳ ದಿನ ಉಳಿಯಲಿಲ್ಲ. ಎದುರುಮನೆಯ ಹೆಂಗಸು ಜಗಲಿಗೆ ಬಂದು, "ಸೊಸೆ ಬಂದ ಮೇಲೆ ಪಂಡಿತರು ಬಡಕಲಾದರಲ್ಲ, ಎಂತ ಕತೆ?" ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಕೇಳಿದರು. ಮಧ್ಯಾಹ್ನ ಅತ್ತೆ ತುಪ್ಪದ ಭರಣಿಗೆ ತೆಂಗಿನ ಕಡ್ಡಿ ಇಳಿಸಿ ಅಳೆಯುವುದನ್ನು ಕಂಡೆ. ತುಪ್ಪ ಖರ್ಚಾಗಿಲ್ಲ, ಮನುಷ್ಯ ಸೊರಗಿದ್ದಾನೆ, ಆಟಿ ತಿಂಗಳು ಹತ್ತಿರ ಬಂದಿದೆ. ಮೂರನ್ನೂ ಸೇರಿಸಿ ಅವರು ಏನು ಲೆಕ್ಕ ಹಾಕಿದರೆಂದು ಕೇಳುವ ಅಗತ್ಯ ಇರಲಿಲ್ಲ.

ನಮ್ಮಲ್ಲಿ ಮದುವೆಯಾದ ಹುಡುಗಿ ಮೊದಲ ಆಟಿಗೆ, ಅಂದರೆ ಆಷಾಢಕ್ಕೆ, ತವರಿಗೆ ಹೋಗುವುದು ಕ್ರಮ. ತಿಂಗಳು ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಕರೆಯಲು ಯಾರೂ ಬಾರದೆ ತವರಿನಲ್ಲೇ ಉಳಿದ ಹುಡುಗಿಯರನ್ನು ನಾನು ನೋಡಿದ್ದೆ. ಮಾವನ ತುಪ್ಪ ಉಳಿಸಿ ತವರಿಗೆ ಸಾಗಿಸುವವಳು ಎಂದು ಅತ್ತೆ ನಂಬಿದರೆ ಯಾರು ಬರುತ್ತಾರೆ? ಮಾವನನ್ನು ಬಾವಿಕಟ್ಟೆಯಲ್ಲಿ ಹಿಡಿದು, ಅತ್ತೆಗೆ ಹೇಳಿಬಿಡಿ ಎಂದು ಬೇಡಿಕೊಂಡೆ. "ನೋಡುವ" ಎಂದರು. ಮರುದಿನವೂ ಅದನ್ನೇ ಅಂದರು.

ನನ್ನ ಅಣ್ಣ ಸುರತ್ಕಲ್ಲಿನಿಂದ ಕರೆದೊಯ್ಯಲು ಬಂದ. ಹೊರಡುವ ಮೊದಲು ಅತ್ತೆ, "ಪೆಟ್ಟಿಗೆ ತೆಗಿ, ಸೀರೆ ಸರಿ ಮಡಚಿದ್ದೀಯಾ ನೋಡ್ತೇನೆ" ಎಂದರು. ಎದುರುಮನೆಯ ಹೆಂಗಸು ಸರಿಯಾಗಿ ಆ ಹೊತ್ತಿಗೇ ಕರಿಬೇವು ಕೇಳುವ ನೆಪದಲ್ಲಿ ಹಾಜರು. ಅಣ್ಣನ ಕಣ್ಣೆದುರು ನನ್ನ ಸೀರೆ, ರವಿಕೆ ಒಂದೊಂದಾಗಿ ಹೊರಬಂದವು. ಪೆಟ್ಟಿಗೆಯ ತಳದಲ್ಲಿ ಹಾಸಿದ ಕಾಗದದ ಹೊರತು ಏನೂ ಇರಲಿಲ್ಲ. ಮಾವ ಚಾವಡಿಯಲ್ಲಿ ಪಂಚಾಂಗ ನೋಡುತ್ತಿದ್ದರು.

ಊಟಕ್ಕೆ ಎಲೆ ಹಾಕಿದಾಗ ಅತ್ತೆ ನನ್ನ ಕೈಯಿಂದ ಮಿಳ್ಳೆ ಕಸಿದುಕೊಂಡರು. ನೋಯುವ ಮಂಡಿಯಲ್ಲೇ ಬಗ್ಗಿ ಮಾವನ ಅನ್ನಕ್ಕೆ ಸುರಿಯತೊಡಗಿದರು. ತುಪ್ಪ ಎಲೆಯ ಅಂಚಿಗೆ ಹರಿಯಿತು. ಮಾವ ಎಲೆಗೆ ಕೈ ಅಡ್ಡ ಹಿಡಿದರು.

"ಸಾಕು ಮಾರಾಯ್ತಿ. ಡಾಕ್ಟ್ರು ಬೇಡ ಅಂದಿದ್ದಾರೆ. ಬಡಿಸ್ಬೇಡ ಅಂತ ಇವಳಿಗೆ ನಾನೇ ಹೇಳಿದ್ದು."

ಅತ್ತೆ ನೆಟ್ಟಗಾದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇಷ್ಟು ವರ್ಷ ಬಡಿಸಿದ್ದು ನಾನು," ಎಂದರು. "ನಿನ್ನೆ ಬಂದವಳಿಗೆ ಹೇಳಿದ್ರಿ. ನನಗೆ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಅತ್ತೆ ಮಿಳ್ಳೆಯನ್ನು ನೆಲದ ಮೇಲಿಟ್ಟು ಹಿತ್ತಿಲಿಗೆ ಹೋದರು. ಆ ದಿನ ಅವರು ಉಣ್ಣಲಿಲ್ಲ.

ಆಟಿ ಕಳೆದ ಮೇಲೆ ನನ್ನನ್ನು ಕರೆಯಲು ಬಂದದ್ದು ಸ್ವತಃ ಅತ್ತೆ. ಪೆಟ್ಟಿಗೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಗೆ ಬಂದು ನೋಡಿದರೆ ಬಡಿಸುವ ಕೆಲಸ ಅವರ ಕೈಗೆ ಹೋಗಿತ್ತು. ನನ್ನ ಚಮಚಕ್ಕಿಂತ ಸಣ್ಣ ಚಮಚ ಹುಡುಕಿ ಇಟ್ಟುಕೊಂಡಿದ್ದರು, ಮಾವ ಇನ್ನಷ್ಟು ಇಳಿದಿದ್ದರು.

ಅದೇ ವಾರ ಎದುರುಮನೆಯ ಹೆಂಗಸು ಮತ್ತೆ ಜಗಲಿಗೆ ಬಂದರು. "ಪಂಡಿತರು ಇನ್ನೂ ಇಳಿದ ಹಾಗೆ ಕಾಣ್ತದಲ್ಲ?" ಎಂದರು. ಅತ್ತೆ ಹೂವು ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ.

"ಎಂತ ಮಾಡುದು. ಸೊಸೆಯ ಕೈ ಸಣ್ಣದು."

ನಾನು ಒಳಗಿನಿಂದ ಕೇಳಿಸಿಕೊಂಡೆ. ಗಂಡ ತನ್ನಿಂದ ಮುಚ್ಚಿಟ್ಟ ಎಂದು ಊರಿಗೆ ಹೇಳುವುದಕ್ಕಿಂತ ಸೊಸೆ ಜಿಪುಣಿ ಎನ್ನುವುದು ಅವರಿಗೆ ಸುಲಭವಾಗಿತ್ತು. ಅದು ನನಗೆ ಅರ್ಥವಾಯಿತು. ಅತ್ತೆಯ ಮೇಲಿನ ಸಿಟ್ಟು ಬರುಬರುತ್ತಾ ಇಳಿಯಿತು ಕೂಡ. ಆದರೆ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಮಾವ ಕೂತಿದ್ದರು, ಆರೋಗ್ಯವಾಗಿ, ಹಗುರವಾಗಿ. ಅವರು ಆಗಲೂ ಬಾಯಿ ಬಿಡಲಿಲ್ಲ.