ಪಥ್ಯವಿಲ್ಲದ ಮಾತ್ರೆ

ನನ್ನ ಅತ್ತೆ ಕದ್ದು ಮಾತ್ರೆ ತಿಂದರು ಎಂಬ ಕಥೆ ನಮ್ಮ ನೆಂಟರಿಷ್ಟರಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮದುವೆ ಮನೆಗಳಲ್ಲಿ ಅದನ್ನು ಹೇಳಿಕೊಂಡು ನಗುವವರಿದ್ದಾರೆ. ನಾನೂ ಅವರ ಜೊತೆ ಎಷ್ಟೋ ಸಲ ನಕ್ಕಿದ್ದೇನೆ. ನಡೆದದ್ದು ಮಾತ್ರ ಬೇರೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಭದ್ರಾವತಿಯ ನ್ಯೂ ಟೌನಿಗೆ ಬಂದೆ. ಯಜಮಾನರು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದರು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆಯ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಮರುದಿನ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆಲ್ಲ ಸುದ್ದಿ ಮುಟ್ಟಿರುತ್ತಿತ್ತು. ಇದಕ್ಕೆಲ್ಲ ಎದುರಾಗಿ ನನ್ನ ಬಳಿ ಇದ್ದದ್ದು ಹೈಸ್ಕೂಲಿನ ಓದು ಒಂದೇ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ ಎಂಬ ಜಂಬ ಧಾರಾಳವಾಗಿತ್ತು.

ಅತ್ತೆಗೆ ಸೊಂಟ, ತೊಡೆ, ಪಕ್ಕೆಲುಬು ಎಲ್ಲ ಕಡೆ ನೋವು. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ಎರಡು ವರ್ಷ ಪಂಡಿತರ ಔಷಧಿ ನಡೆದಿತ್ತು. ಔಷಧಿಗಿಂತ ಅದರ ಪಥ್ಯವೇ ದೊಡ್ಡದು. ಹುಣಸೆಹಣ್ಣು ಕೂಡದು, ಬದನೆಕಾಯಿ ಕೂಡದು, ಕುಂಬಳಕಾಯಿಯನ್ನಂತೂ ಮನೆಯೊಳಗೇ ತರುವಂತಿಲ್ಲ. ನಮ್ಮಂಥ ಮನೆಗಳಲ್ಲಿ ಔಷಧಿಯ ತೂಕ ಗೊತ್ತಾಗುತ್ತಿದ್ದುದೇ ಪಥ್ಯದಿಂದ. ಪಥ್ಯ ಬಿಗಿಯಾದಷ್ಟೂ ಔಷಧಿಗೆ ಹೆದರಬೇಕು ಎಂದು ಲೆಕ್ಕ.

ನೋವು ಜಗ್ಗದಿದ್ದಾಗ ಅತ್ತೆಯನ್ನು ನಾನೇ ರೈಲು ಹತ್ತಿಸಿ ಶಿವಮೊಗ್ಗದ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ. ಮೂಳೆ ಮೆತ್ತಗಾಗಿದೆ ಎಂದು ಹೇಳಿ ಅವರು ಡಿ ವಿಟಮಿನ್ನಿನ ಮಾತ್ರೆ ಬರೆದುಕೊಟ್ಟರು. ವಾರಕ್ಕೊಂದು, ಪ್ರತಿ ಸೋಮವಾರ.

"ಪಥ್ಯ ಏನು ಡಾಕ್ಟ್ರೇ?" ಎಂದು ಅತ್ತೆ ಕೇಳಿದರು.

"ಪಥ್ಯ ಏನೂ ಬೇಡಮ್ಮ. ಎಲ್ಲಾ ತಿನ್ನಿ, ಹಾಲು ಕುಡೀರಿ. ಎಳೆಬಿಸಿಲಲ್ಲಿ ಕೂತ್ರೆ ಮೈಗೆ ಸಿಗೋದೇ ಇದು."

ವಾಪಸು ರೈಲಿನಲ್ಲಿ ಅತ್ತೆಗೆ ಸಮಾಧಾನವಿಲ್ಲ. "ಪಥ್ಯ ಇಲ್ವಂತೆ! ಇದೆಂಥ ಔಷಧಿನೇ ಮಾರಾಯ್ತಿ?"

"ಇದು ಔಷಧಿ ಅಲ್ಲ ಅತ್ತೆ, ವಿಟಮಿನ್ನು. ಊಟ ಇದ್ದ ಹಾಗೆ," ಎಂದೆ. ಈ ಮಾತು ಡಾಕ್ಟರದ್ದಲ್ಲ, ನನ್ನದು.

ನಾಲ್ಕೈದು ಸೋಮವಾರ ಕಳೆಯುವಷ್ಟರಲ್ಲಿ ಅತ್ತೆ ಒಂದು ದಿನ ಗೋಡೆ ಮುಟ್ಟದೆ ಎದ್ದು ನಿಂತರು. ನಿಂತವರೇ ಆಶ್ಚರ್ಯದಿಂದ ನನ್ನ ಕಡೆ ನೋಡಿದರು. ನನಗೆ ಬಹಳ ಖುಷಿಯಾಯಿತು. ಖುಷಿಯ ಜೊತೆ ತಲೆಯೂ ಓಡಿತು. ಊಟವನ್ನು ಯಾರಾದರೂ ವಾರಕ್ಕೊಮ್ಮೆ ಮಾಡುತ್ತಾರೆಯೇ? ದಿನಕ್ಕೊಂದು ಕೊಡತೊಡಗಿದೆ.

"ಸೋಮವಾರ ಮಾತ್ರ ಅಲ್ವೇನೇ?" ಎಂದು ಅತ್ತೆ ಒಮ್ಮೆ ಕೇಳಿದ್ದುಂಟು.

"ಪಥ್ಯನೇ ಇಲ್ಲ ಅಂದ್ಮೇಲೆ ಭಯ ಯಾಕೆ ಅತ್ತೆ? ದಿನಾ ತಗೊಂಡ್ರೆ ಬೇಗ ವಾಸಿ ಆಗುತ್ತೆ."

ಅವರು ಬಾಯಿ ತೆರೆದರು, ನಾನು ಮಾತ್ರೆ ಹಾಕಿದೆ. ಮುಗಿದಾಗಲೆಲ್ಲ ಅದೇ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೊಂದು ಬಾಟಲಿ ತಂದೆ. ಯಜಮಾನರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಮನೆಯ ಔಷಧೋಪಚಾರ ಹೆಂಗಸರ ಖಾತೆ.

ಎರಡು ತಿಂಗಳಾಗುತ್ತಲೇ ಅತ್ತೆಗೆ ಊಟ ಸೇರದಾಯಿತು. ಚೆಂಬುಗಟ್ಟಲೆ ನೀರು ಕುಡಿದರೂ ಬಾಯಾರಿಕೆ. ಆಮೇಲೆ ನಿಶ್ಶಕ್ತಿ ಶುರುವಾಯಿತು. ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೇ ಕೆಳಗೆ ಬೀಳುತ್ತಿತ್ತು. ನಾನು ಬಾಟಲಿಯ ಡಬ್ಬಿಯಲ್ಲಿ ಮಡಚಿಟ್ಟಿದ್ದ ಕಾಗದ ಬಿಡಿಸಿ ಓದಲು ಕೂತೆ. ಒತ್ತೊತ್ತಾದ ಸಣ್ಣ ಇಂಗ್ಲಿಷ್ ಅಕ್ಷರ. ನನಗೆ ಅರ್ಥವಾದದ್ದು ಅಲ್ಲೊಂದು ಇಲ್ಲೊಂದು ಪದ. ಅವುಗಳಲ್ಲಿ ವೀಕ್‌ನೆಸ್ ಎಂಬುದೂ ಒಂದು.

"ನೋಡಿ ಅತ್ತೆ, ವೀಕ್‌ನೆಸ್ ಅಂತ ಇಲ್ಲೇ ಬರೆದಿದ್ದಾರೆ. ಇದಕ್ಕೂ ಇದೇ ಮಾತ್ರೆ," ಎಂದು ಬೆರಳಿಟ್ಟು ತೋರಿಸಿದೆ. ಮರುದಿನದಿಂದ ದಿನಕ್ಕೆರಡು ಮಾತ್ರೆ, ಎರಡು ಹೊತ್ತೂ ಲೋಟ ತುಂಬ ಹಾಲು. ಬೆಳಿಗ್ಗೆ ಅತ್ತೆಯನ್ನು ತಬ್ಬಿ ಎತ್ತಿ ಅಂಗಳದ ಬಿಸಿಲಿಗೂ ಕೂರಿಸುತ್ತಿದ್ದೆ. ಸೇವೆಯಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಏನೂ ಅನ್ನಲಿಲ್ಲ. ಆಮೇಲೆ ನಾನು ಉಣ್ಣಲು ಕೂತಾಗ ಸಾರು ಸಪ್ಪೆ ಎಂದು ತಿಳಿಯಿತು. ಇವರು ಉಳಿಯುವುದಿಲ್ಲ ಎಂದು ನನಗೆ ಮೊದಲ ಸಲ ಭಯವಾಯಿತು. ಯಜಮಾನರು ಪಾಳಿ ಮುಗಿಸಿ ಬರುವುದನ್ನೇ ಕಾದು, ಅಂದೇ ಶಿವಮೊಗ್ಗಕ್ಕೆ ಹೊರಟೆವು.

ಸ್ಟೇಷನ್ನಿನಿಂದ ಜಟಕಾದಲ್ಲಿ ಮಲಗಿಸಿಕೊಂಡು ಹೋಗಬೇಕಾಯಿತು. ಡಾಕ್ಟರು ಅತ್ತೆಯನ್ನು ನೋಡಿದರು, ಬಾಟಲಿ ನೋಡಿದರು, ತಾವೇ ಬರೆದ ಚೀಟಿ ನೋಡಿದರು.

"ವಾರಕ್ಕೊಂದು ಅಂತ ಬರೆದಿದ್ದೀನಿ. ಈಗ ಎಷ್ಟು ಕೊಡ್ತಿದ್ದೀರಿ?"

ನಾನು ಮೆಲ್ಲಗೆ, "ದಿನಕ್ಕೆ ಎರಡು ಹೋಗಿದೆ," ಎಂದೆ.

"ಎರಡಾ! ಯಾರು ಕೊಟ್ಟಿದ್ದು?"

ಯಜಮಾನರು ನನ್ನ ಕಡೆ ತಿರುಗಿದರು. ಆಗ ಮಂಚದಿಂದ ಅತ್ತೆಯ ದನಿ ಬಂತು.

"ಯಾರೂ ಕೊಟ್ಟಿಲ್ಲ ಡಾಕ್ಟ್ರೇ. ನಾನೇ ಕದ್ದು ತಿಂದೆ. ಬೇಗ ವಾಸಿ ಆಗ್ಲಿ ಅನ್ನೋ ಆಸೆ. ಏನೋ ಸುಳ್ಳು ಹೇಳಿ ಇವಳ ಹತ್ರ ಹೊಸ ಬಾಟ್ಲಿ ತರಿಸಿದೆ. ಪಾಪ, ಇವಳಿಗೆ ಏನು ಗೊತ್ತು?"

ಡಾಕ್ಟರು ಬಾಟಲಿಯ ಡಬ್ಬಿಯಲ್ಲಿದ್ದ ಆ ಕಾಗದ ಬಿಡಿಸಿ ಒಂದು ಸಾಲು ತೋರಿಸಿದರು. "ನಿಶ್ಶಕ್ತಿ ಬಂದ್ರೆ ಮಾತ್ರೆ ಜಾಸ್ತಿ ಆಗಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ ಅಂತ ಇಲ್ಲೇ ಇದೆ. ನಿಮ್ಮನೇಲಿ ಓದೋರು ಯಾರೂ ಇಲ್ವಾ?"

ಅತ್ತೆ ನನ್ನನ್ನು ನೋಡಲಿಲ್ಲ. ನಾನು ನೆಲ ನೋಡುತ್ತ ನಿಂತಿದ್ದೆ.

ಎರಡು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಸಲೈನ್ ಏರಿಸಿದರು. ಮಾತ್ರೆ ಬಂದ್, ಹಾಲು ಮೊಸರು ಬಂದ್, ಬಿಸಿಲೂ ಬಂದ್. "ಈಗ ಬಂತು ನೋಡು ಪಥ್ಯ," ಎಂದರು ಅತ್ತೆ. ಮನೆಗೆ ಬಂದು ತಾವೇ ತಲೆ ಬಾಚಿಕೊಳ್ಳುವಂತಾಗಲು ಮೂರು ತಿಂಗಳು ಹಿಡಿಯಿತು. "ಇದೇನು ಸಾರೋ ಸಮುದ್ರದ ನೀರೋ?" ಎಂದು ಅವರು ಕೂಗಿದ ದಿನ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಅಂದೇ ಧೈರ್ಯ ಮಾಡಿ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು.

"ನನ್ನನ್ನಾದ್ರೆ ಡಾಕ್ಟ್ರು ಬೈದು ಸುಮ್ಮನಾಗ್ತಾರೆ. ನಿನ್ನ ಹೆಸರು ಬಂದಿದ್ರೆ, ಅತ್ತೆಗೆ ಏನೋ ಹಾಕಿದ್ಲು ಅಂತ ಊರೆಲ್ಲ ಆಡ್ಕೊಳ್ತಿತ್ತು. ಯಾಕೆ ನಂಬಲ್ಲ ಹೇಳು? ನಲ್ಲಿ ಹತ್ರ ನಿನ್ನ ವಿಷಯ ನಾನೇ ಅಷ್ಟು ಹೇಳಿಟ್ಟಿದ್ದೀನಿ," ಎಂದರು. ಆಮೇಲೆ ಲೋಟ ಮುಂದೆ ಚಾಚಿ ನೀರು ಕೇಳಿದರು.

ಸುದ್ದಿ ಹಬ್ಬಿತು. ಮಾತ್ರೆ ಕಳ್ಳಿ ಎಂದು ವಾರಗೆಯವರು ರೇಗಿಸಿದರು, ಮೊಮ್ಮಕ್ಕಳು ಪೆಪ್ಪರಮಿಂಟಿನ ಡಬ್ಬಿ ಅಡಗಿಸಿಟ್ಟರು. ಅತ್ತೆ ಇಪ್ಪತ್ತು ವರ್ಷ ಅದನ್ನೆಲ್ಲ ಕೇಳಿಸಿಕೊಂಡರು. ಒಂದು ಸಲವೂ, ತಮಾಷೆಗೂ, ನನ್ನ ಕಡೆ ಬೆರಳು ತೋರಿಸಲಿಲ್ಲ.

ಅವರ ತಿಥಿಯ ಊಟದ ದಿನ ಪಂಕ್ತಿಯಲ್ಲಿ ಯಾರೋ ಆ ಕಥೆ ತೆಗೆದರು. ಎಲ್ಲರೂ ನಕ್ಕರು. ನಾನು ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದೆ. ಈಗಲಾದರೂ ಹೇಳಿಬಿಡೋಣ ಎಂದು ನಿಂತೆ. "ಹೌದು, ಅವರಿಗೆ ಆಸೆ ಜಾಸ್ತಿ," ಎಂದು ಹೇಳಿ ಮುಂದಿನ ಎಲೆಗೆ ಹೋದೆ.

ಅವರು ಕದಿಯಲಿಲ್ಲ. ಪ್ರತಿಯೊಂದು ಮಾತ್ರೆಯನ್ನೂ ನಾನೇ ಅವರ ಬಾಯಿಗೆ ಹಾಕಿದ್ದು.